ಹೊಸ ಐಸಿನ ಐದು ನಿಮಿಷ

ಫ್ರಿಜ್ಜಿನ ಬಾಗಿಲಿಗೆ ಹೆಂಡತಿ ಗುನ್‌ಬ್ರಿಟ್ ಅಂಟಿಸಿದ್ದ ಫೋಟೋ ಕಣ್ಣಿಗೆ ಬೀಳಬಾರದು ಅಂತ ಟೋರ್ನಿ ಮೂರು ದಿನದಿಂದ ಹಾಲಿಲ್ಲದ ಕಾಫಿ ಕುಡಿಯುತ್ತಿದ್ದ. ಹಾಲು ಬೇಕೆಂದರೆ ಬಾಗಿಲು ತೆಗೆಯಬೇಕು, ಬಾಗಿಲು ತೆಗೆಯಬೇಕೆಂದರೆ ಮಗಳ ಮುಖ ನೋಡಬೇಕು. ಮಗಳ ಮುಖ ನೋಡುವುದಕ್ಕೆ ಯಾವ ಅಪ್ಪನಿಗೆ ಕಷ್ಟ? ಕಷ್ಟ ಮುಖದ್ದಲ್ಲ. ಫೋಟೋದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಛಾಯಾಚಿತ್ರ: ತಿಲ್ಡಾ ಬ್ರಾಂಡೆಲ್’ ಅಂತ ಇತ್ತಲ್ಲ, ಕಷ್ಟವೆಲ್ಲ ಆ ಸಾಲಿನದು.

ಹಾಲ್ವಿಕ್ ಊರಿನ ಪತ್ರಿಕೆಗೆ ಇಪ್ಪತ್ತಾರು ಚಳಿಗಾಲ ಐಸಿನ ಮೇಲೆ ಆಡುವ ಬ್ಯಾಂಡಿ ಆಟದ ಫೋಟೋ ತೆಗೆದವನು ಅವನು. ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲಾಗುವ ಊರು. ಫುಟ್‌ಬಾಲ್ ಮೈದಾನದಷ್ಟು ಅಗಲ ಐಸು, ಅದರ ಸುತ್ತ ಎಂಟು ಕಂಬ, ಕಂಬಗಳ ಮೇಲೆ ಟೋರ್ನಿಯ ಮದುವೆಗಿಂತ ಹಳೆಯ ದೀಪಗಳು. ಆ ಬೆಳಕಿನಲ್ಲಿ ಬಾಣದ ಹಾಗೆ ಜಾರಿಬರುವ ಆಟಗಾರ್ತಿಯನ್ನು, ಅವಳ ಬಾಗಿದ ಕೋಲನ್ನು, ಕೋಲಿನ ತುದಿಯ ಕಿತ್ತಳೆ ಚೆಂಡನ್ನು ಅಲುಗದಂತೆ ಹಿಡಿಯುವುದು ಹುಡುಗಾಟವಲ್ಲ. ಶಟರ್ ಬೇಗ ಮುಚ್ಚಿದರೆ ಫೋಟೋ ಕಪ್ಪು, ನಿಧಾನ ಮಾಡಿದರೆ ಆಟಗಾರ್ತಿಯ ಜಾಗದಲ್ಲಿ ಬರೀ ಕಲಸಿದ ಬಣ್ಣ. ಫ್ಲಾಶ್ ಹಾಕುವ ಹಾಗಿಲ್ಲ. ಇದಕ್ಕೆಲ್ಲ ಟೋರ್ನಿ ತನ್ನದೇ ಮದ್ದು ಕಂಡುಕೊಂಡಿದ್ದ. ಎರಡು ಕಂಬದ ಬೆಳಕು ಒಂದರ ಮೇಲೊಂದು ಬೀಳುವ ಮೂಲೆಯಲ್ಲೇ ನಿಲ್ಲುತ್ತಿದ್ದ. ಎತ್ತಿದ ಕೋಲು ಇನ್ನೇನು ಇಳಿಯಬೇಕು ಅನ್ನುವಾಗ ಕೈ, ಕೋಲು, ಮೈ ಎಲ್ಲ ಕ್ಷಣಕಾಲ ನಿಂತುಬಿಡುತ್ತವೆ. ಆ ಕ್ಷಣಕ್ಕೆ ಕಾಯುತ್ತಿದ್ದ. ಹಳೆಯ ದೀಪಗಳು ಕಣ್ಣಿಗೆ ಗೊತ್ತಾಗದಂತೆ ಮಿಟುಕುತ್ತವೆ, ಮೂರು ಫೋಟೋದಲ್ಲಿ ಒಂದು ಕಂದು ಬಳಿದಂತೆ ಬರುತ್ತದೆ. ಶಟರನ್ನು ಎಷ್ಟಕ್ಕೆ ಇಟ್ಟರೆ ಆ ಕಂದು ಬರುವುದಿಲ್ಲ ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಕೇಳಿದವರಿಗೆ "ಅಭ್ಯಾಸ ಅಷ್ಟೆ" ಅಂತ ಹೇಳಿ ಸಾಗಹಾಕುತ್ತಿದ್ದ. ಗುಟ್ಟು ಬಿಟ್ಟುಕೊಡುವ ಜಾಯಮಾನ ಅವನದಲ್ಲ.

ಇಷ್ಟೆಲ್ಲ ಗೊತ್ತಿದ್ದವನಿಗೆ ಒಂದೇ ಒಂದು ಸಿಕ್ಕಿರಲಿಲ್ಲ. ಅವನ ಮಗಳ ಹೆಸರು ಇಲ್ವಾ, ಊರಿನ ಹೆಂಗಸರ ತಂಡದ ಗೋಲಿ. ಹನ್ನೆರಡು ಚಳಿಗಾಲದಿಂದ ಗೋಲಿನ ಮುಂದೆ ಕೋಲಿಲ್ಲದೆ ಬರೀ ಕೈಗವಸು ತೊಟ್ಟು ನಿಂತು ಚೆಂಡು ತಡೆದವಳು. ಅವಳು ಹಾರಿದ್ದು, ಬಿದ್ದದ್ದು, ಕಾಲು ಚಾಚಿದ್ದು ಎಲ್ಲ ಟೋರ್ನಿಯ ಹತ್ತಿರ ಸಾವಿರಗಟ್ಟಲೆ ಇದ್ದವು. ಮುಖ ಮಾತ್ರ ಒಂದರಲ್ಲೂ ಇಲ್ಲ. ದೀಪ ಮೇಲಿನಿಂದ ಬೀಳುತ್ತದೆ, ಹೆಲ್ಮೆಟ್ಟಿನ ಅಂಚು ಆ ಬೆಳಕನ್ನು ತಡೆಯುತ್ತದೆ, ಕಂಬಿಗಳ ಹಿಂದೆ ಇರುವುದು ಬರೀ ಕತ್ತಲು. ಅದು ಈ ಮೈದಾನದಲ್ಲಿ ಆಗದ ಮಾತು ಅಂತ ಅವನು ತೀರ್ಮಾನಿಸಿ ಬಹಳ ಕಾಲವಾಗಿತ್ತು.

ಆಗದ ಮಾತು ಈಗ ಫ್ರಿಜ್ಜಿನ ಮೇಲಿತ್ತು. ಹೆಲ್ಮೆಟ್ಟಿನ ಕಂಬಿಗಳ ಹಿಂದೆ ಇಲ್ವಾಳ ಎರಡೂ ಕಣ್ಣು, ಕೆನ್ನೆಯ ಮೇಲಿನ ಬೆವರು, ಕಚ್ಚಿಕೊಂಡ ತುಟಿಯ ತುದಿಯಲ್ಲಿ ನಗು. ಚೆಂಡು ಬರುತ್ತಿದೆ, ಅವಳಿಗೆ ಅದು ಸಿಕ್ಕೇ ಸಿಗುತ್ತದೆ ಅಂತ ಅವಳಿಗೆ ಗೊತ್ತಿದೆ.

"ಎಷ್ಟು ಚೆನ್ನಾಗಿ ಬಂದಿದಾಳೆ ನೋಡು. ಚಿಕ್ಕೋಳಿದ್ದಾಗ ಹೀಗೇ ತುಟಿ ಕಚ್ಕೋತಿದ್ಲು" ಅಂದಳು ಗುನ್‌ಬ್ರಿಟ್.

"ಕಾಳು ಕಾಳಾಗಿದೆ. ಬೆಳಕು ಸಾಲ್ದೆ ಬಲವಂತವಾಗಿ ಎಳೆದಿದಾಳೆ" ಅಂದ ಟೋರ್ನಿ.

"ಕಾಳಾದ್ರೂ ಆಗ್ಲಿ ಬೇಳೆಯಾದ್ರೂ ಆಗ್ಲಿ, ನನ್ನ ಮಗಳು ಕಾಣ್ತಾಳಲ್ಲ ಮಾರಾಯ. ನಿನ್ನ ಫೋಟೋದಲ್ಲಿ ನಂಗೆ ಕಾಣೋದು ಒಂದು ಹೆಲ್ಮೆಟ್ಟು."

ಟೋರ್ನಿ ಕಪ್ಪು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದ. ಬಾಯಿ ಸುಟ್ಟಿತು, ಹೊಟ್ಟೆ ಅದಕ್ಕಿಂತ ಹೆಚ್ಚು ಸುಡುತ್ತಿತ್ತು.

ತಿಲ್ಡಾ ಹಾಲ್ವಿಕ್‌ಗೆ ಬಂದದ್ದು ನವೆಂಬರಿನಲ್ಲಿ. ಅವಳ ಜೊತೆಗಾರನಿಗೆ ಇಲ್ಲಿನ ಕಾಗದದ ಕಾರ್ಖಾನೆಯಲ್ಲಿ ಕೆಲಸವಾಯಿತು, ದಕ್ಷಿಣದ ದೊಡ್ಡ ಊರಿನಿಂದ ಇಬ್ಬರೂ ಬಂದರು. ಅಲ್ಲಿ ಅವಳು ಒಳಾಂಗಣದ ಹ್ಯಾಂಡ್‌ಬಾಲ್ ಫೋಟೋ ತೆಗೆಯುತ್ತಿದ್ದಳಂತೆ. ಇಲ್ಲಿ ಕ್ಲಬ್ಬಿನ ಜಾಲತಾಣಕ್ಕೆ ತೆಗೆದುಕೊಡುತ್ತೇನೆ ಅಂತ ತಾನಾಗಿಯೇ ಹೋಗಿ ಹೇಳಿದಳು. ಮೂವತ್ತನಾಲ್ಕರ ಹೆಂಗಸು, ಇರುವುದೊಂದೇ ಕ್ಯಾಮೆರಾ, ಒಂದು ಉದ್ದ ಲೆನ್ಸು. ಮೊದಲ ಮ್ಯಾಚಿನಲ್ಲಿ ತೆಳ್ಳನೆಯ ಬೂಟು ಹಾಕಿಕೊಂಡು ಬಂದು ನಡುಗುತ್ತಿದ್ದಾಗ ಟೋರ್ನಿ ಮನಸ್ಸಿನಲ್ಲೇ ನಕ್ಕಿದ್ದ. ಕ್ರಿಸ್ಮಸ್ ಒಳಗೆ ಓಡಿಹೋಗುತ್ತಾಳೆ ಅಂದುಕೊಂಡಿದ್ದ. ಓಡಿಹೋಗಲಿಲ್ಲ, ದಪ್ಪ ಬೂಟು ತಂದಳು.

ಆ ಫೋಟೋ ಬಂದ ವಾರ ಮೈದಾನಕ್ಕೆ ಹೋದರೆ ಎವರ್ಟ್ ಕಾದಿದ್ದ. ನಲವತ್ತು ವರ್ಷದಿಂದ ಮೈದಾನದ ಐಸು ನೋಡಿಕೊಳ್ಳುವವನು ಅವನೇ. ಆಟದ ನಡುವೆ ಬಿಡುವಿನಲ್ಲಿ ತನ್ನ ಗಾಡಿ ಓಡಿಸಿ, ಗೀರುಗಳನ್ನೆಲ್ಲ ಹೆರೆದು ಹೊಸ ನೀರು ಬಿಡುತ್ತಾನೆ.

"ಏನಪ್ಪಾ ಟೋರ್ನಿ, ನಿನ್ನ ಮಗಳ ಮುಖ ನಿಂಗೆ ತೋರ್ಸೋಕೆ ದಕ್ಷಿಣದಿಂದ ಜನ ಬರ್ಬೇಕಾಯ್ತಲ್ಲೋ!"

"ನಿನ್ನ ಐಸು ನೋಡ್ಕೋ ಹೋಗು. ಆ ಮೂಲೇಲಿ ಬಿರುಕು ಬಿಟ್ಟಿದೆ."

"ಬಿರುಕು ಐಸಲ್ಲಿ ಬಿಟ್ಟಿದ್ಯೋ ಇನ್ನೆಲ್ಲೋ" ಅಂತ ಹಲ್ಲು ಕಿರಿದ ಎವರ್ಟ್.

ಅವತ್ತೇ ತಿಲ್ಡಾ ಅವನ ಹತ್ತಿರ ಬಂದಳು. ಬಗ್ಗಿ ಬೂಟಿನ ಹಿಮ ಒದರುತ್ತ, ಎಷ್ಟೋ ದಿನದ ಗೆಳತಿಯ ಹಾಗೆ ಶುರುಮಾಡಿದಳು.

"ಟೋರ್ನಿ, ನಿನ್ನ ಫೋಟೋ ಯಾವ್ದೂ ಕಂದು ಆಗಲ್ವಲ್ಲ, ಹೇಗೆ? ನಂದು ಮೂರಕ್ಕೊಂದು ಹಾಳಾಗ್ತಿದೆ."

"ಅಭ್ಯಾಸ ಅಷ್ಟೆ."

"ಅಯ್ಯೋ, ಇಪ್ಪತ್ತಾರು ವರ್ಷದ ಅಭ್ಯಾಸ ನಾನೆಲ್ಲಿಂದ ತರ್ಲಿ!" ಅಂತ ನಕ್ಕಳು. "ನಂಗೂ ಒಂದು ಗೊತ್ತಾಯ್ತು ನೋಡು. ಬಿಡುವಾದ ಮೇಲೆ ಎವರ್ಟ್ ಹೊಸ ನೀರು ಬಿಟ್ಟಿರ್ತಾನಲ್ಲ, ಆ ಐಸು ಐದು ನಿಮಿಷ ಕನ್ನಡಿ ಥರ ಇರತ್ತೆ. ಕಂಬದ ಬೆಳಕೆಲ್ಲ ಕೆಳಗಿನಿಂದ ಎದ್ದು ಹೆಲ್ಮೆಟ್ ಒಳಗೆ ಹೋಗತ್ತೆ. ಪಕ್ಕದ ಗೆರೆ ಹತ್ರ ಹೊಟ್ಟೆ ಮೇಲೆ ಮಲಗಿ ತೆಗೀಬೇಕು. ಸ್ಕೇಟು ಗೀರಿ ಮಸುಕಾದ್ರೆ ಮುಗೀತು. ನೀನೂ ಬಾ, ಜಾಗ ಇದೆ."

ಟೋರ್ನಿ ಏನೋ ಗೊಣಗಿ ಮುಖ ತಿರುಗಿಸಿದ. ಐದು ನಿಮಿಷ! ಇಪ್ಪತ್ತಾರು ವರ್ಷ ಆ ಐದು ನಿಮಿಷ ಅವನು ಕಾಫಿ ಕೋಣೆಯ ಒಲೆಯ ಪಕ್ಕ ಎರಡನೇ ಲೋಟ ಹೀರುತ್ತ ಕೂತಿದ್ದ. ಆಟ ಶುರುವಾದ ಶಿಳ್ಳೆ ಕೇಳಿದ ಮೇಲೆ ನಿಧಾನಕ್ಕೆ ಎದ್ದು ಬರುತ್ತಿದ್ದ. ಗುಟ್ಟು ಅವನ ಮೂಗಿನ ಕೆಳಗೇ ಇತ್ತು, ಅವನು ಬನ್ನು ತಿನ್ನುತ್ತಿದ್ದ. ಅದಕ್ಕಿಂತ ಉರಿ ಎಬ್ಬಿಸಿದ್ದು ಇನ್ನೊಂದು: ಅವನು ಕೇಳದೆಯೇ ಅವಳು ಹೇಳಿಬಿಟ್ಟಳು. ಸಕ್ಕರೆ ಹಂಚಿದ ಹಾಗೆ ಹಂಚಿಬಿಟ್ಟಳು. ಅಷ್ಟು ಧಾರಾಳ ಅವಳಿಗೆ ಎಲ್ಲಿಂದ ಬಂತು? ಇದ್ದುದನ್ನು ಬಿಟ್ಟುಕೊಟ್ಟರೂ ತನ್ನದೇನೂ ಕಡಿಮೆಯಾಗುವುದಿಲ್ಲ ಅನ್ನುವ ಧೈರ್ಯ ಅದು. ಆ ಧೈರ್ಯವನ್ನು ಅವನಿಗೆ ಸಹಿಸಲಾಗಲಿಲ್ಲ.

ಅವಳ ಪಕ್ಕ ಹೋಗಿ ಮಲಗುವುದಂತೂ ಆಗದ ಮಾತು. ಇಡೀ ಊರೇ ನೋಡುತ್ತದೆ. ಟೋರ್ನಿ ಮುದುಕ ಹೊಸಬಳ ಬಾಲ ಹಿಡಿದುಕೊಂಡ ಅಂತಾರೆ. ಮೊದಲು ಎವರ್ಟೇ ಅನ್ನುತ್ತಾನೆ.

ಜನವರಿಯ ಕೊನೆಯ ಭಾನುವಾರ ಇಲ್ವಾ ಊಟಕ್ಕೆ ಬಂದವಳು, ಮಂಡಿ ಇನ್ನು ತಡೆಯುವುದಿಲ್ಲ, ಈ ವರ್ಷಕ್ಕೆ ಆಟ ಬಿಡುತ್ತೇನೆ ಅಂದಳು. ಗುನ್‌ಬ್ರಿಟ್ ಎದ್ದು ಅವಳ ತಲೆ ಸವರಿದಳು. ಟೋರ್ನಿಗೆ ಮೊದಲು ನೆನಪಾದದ್ದು ಗೋಡೆ.

ಕ್ಲಬ್ಬಿನ ಮನೆಯಲ್ಲಿ ಒಂದು ಗೋಡೆ ಇದೆ. ಹತ್ತು ಚಳಿಗಾಲ ಆಡಿ ಬಿಟ್ಟವರದು ಮಾತ್ರ ಒಂದೊಂದು ಫೋಟೋ ಅಲ್ಲಿ ಏರುತ್ತದೆ. ಯಾವ ಫೋಟೋ ಅನ್ನುವುದನ್ನು ಆಟ ಬಿಡುವವರೇ ಆರಿಸಬೇಕು, ಕ್ಲಬ್ಬಿನವರು ಅದರಲ್ಲಿ ಕೈ ಹಾಕುವುದಿಲ್ಲ. ಕೆಳಗೆ ಹಿತ್ತಾಳೆಯ ಪಟ್ಟಿಯ ಮೇಲೆ ಆಟಗಾರರ ಹೆಸರು, ತೆಗೆದವರ ಹೆಸರು. ಹತ್ತೊಂಬತ್ತು ಫೋಟೋ ಇದ್ದವು, ಹತ್ತೊಂಬತ್ತರ ಕೆಳಗೂ ಟೋರ್ನಿಯ ಹೆಸರು. ಇಪ್ಪತ್ತನೆಯದು ಅವನ ಸ್ವಂತ ಮಗಳದು. ಅದರ ಕೆಳಗೆ ಬೇರೆಯವರ ಹೆಸರು ಕೂರುವುದೆಂದರೆ, ಮದುವೆಮನೆಯಲ್ಲಿ ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗೆ ಅನ್ನಿಸಿತು ಅವನಿಗೆ.

"ಗೋಡೆಗೆ ಯಾವ್ದು ಕೊಡ್ತೀಯ?" ಆದಷ್ಟು ಹಗುರವಾಗಿ ಕೇಳಿದ.

ಇಲ್ವಾಳ ಕಣ್ಣು ಫ್ರಿಜ್ಜಿನ ಕಡೆ ಹೋಯಿತು. ಅವಳು ತಕ್ಷಣ ಎಳೆದುಕೊಂಡಳು, ಆದರೆ ಇವನು ನೋಡಿಯಾಗಿತ್ತು.

"ಇನ್ನೂ ಒಂದು ಮ್ಯಾಚಿದೆಯಲ್ಲಪ್ಪ, ಇಲ್ಲೇ. ನೋಡೋಣ."

"ನನ್ನ ಹತ್ರ ನಿಂದು ಆರು ಸಾವಿರ ಇದೆ."

"ಹೂಂ. ಆರು ಸಾವಿರದಲ್ಲೂ ನನ್ನ ಕಾಲು ಚೆನ್ನಾಗಿ ಬಂದಿದೆ." ನಕ್ಕು ಅಪ್ಪನ ಭುಜ ತಟ್ಟಿದಳು. ಅದರಲ್ಲಿ ಪ್ರೀತಿಯೇ ಇತ್ತು. ಟೋರ್ನಿಗೆ ಪ್ರೀತಿ ಕೇಳಿಸಲಿಲ್ಲ, ಕಾಲು ಅಂದದ್ದಷ್ಟೇ ಕೇಳಿಸಿತು.

ಮುಂದಿನ ಶನಿವಾರದ ಮ್ಯಾಚು ಮೂರೂವರೆಗೆ. ಚಳಿ ಸೊನ್ನೆಯಿಂದ ಹದಿನಾರು ಕೆಳಗೆ ಇಳಿದಿತ್ತು. ಇಲ್ವಾಳ ಕಡೆಯ ಆಟ ಅಂತ ಜನ ಹೆಚ್ಚೇ ಬಂದಿದ್ದರು. ಒಬ್ಬೊಬ್ಬರ ಕೈಯಲ್ಲೂ ಹಳೆಯ ಚರ್ಮದ ಪೆಟ್ಟಿಗೆ, ಅದರೊಳಗೆ ಥರ್ಮಾಸು, ಸಾಸೇಜು, ಕೂರುವುದಕ್ಕೆ ಹಿಮಸಾರಂಗದ ತೊಗಲು. ಟೋರ್ನಿ ತನ್ನ ಮೂಲೆಯಲ್ಲಿ ನಿಂತು ಮೊದಲರ್ಧ ಪೂರ್ತಿ ತೆಗೆದ. ಇಲ್ವಾ ಮೂರು ಸಲ ಹಾರಿದಳು. ಮೂರೂ ಚೆನ್ನಾಗಿ ಬಂದವು, ಮೂರರಲ್ಲೂ ಹೆಲ್ಮೆಟ್ಟಿನೊಳಗೆ ಕತ್ತಲು. ಆ ಕಡೆ ಪಕ್ಕದ ಗೆರೆಯ ಹತ್ತಿರ ತಿಲ್ಡಾ ಕೈಗವಸಿನೊಳಗೆ ಬೆರಳು ಮಡಚಿ ಬಾಯಿಂದ ಊದಿಕೊಳ್ಳುತ್ತಿದ್ದುದು ಕಾಣುತ್ತಿತ್ತು. ಬಿಡುವಾಗುವುದಕ್ಕೇ ಕಾಯುತ್ತಿದ್ದಾಳೆ. ಎವರ್ಟ್ ನೀರು ಬಿಡುತ್ತಾನೆ, ಅವಳು ಹೊಟ್ಟೆಯ ಮೇಲೆ ಮಲಗುತ್ತಾಳೆ, ಇಲ್ವಾಳ ಮುಖ ಇನ್ನೊಮ್ಮೆ ಅವಳಿಗೇ ಸಿಗುತ್ತದೆ. ಅದು ಗೋಡೆಗೆ ಏರುತ್ತದೆ. ಟೋರ್ನಿ ಇದನ್ನೆಲ್ಲ ಆಗಿಹೋದ ಹಾಗೆ ಕಂಡ.

ಅವನಿಗೆ ಹೊಳೆದದ್ದು ಆಗಲೇ. ಮೊದಲೇ ಯೋಚಿಸಿಟ್ಟದ್ದಲ್ಲ ಅಂತ ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಹೊಳೆದ ಮೇಲೆ ಬಿಡಬಹುದಿತ್ತು ಅನ್ನುವುದೂ ನಿಜ.

ಈ ಊರಿನಲ್ಲಿ ಕ್ಯಾಮೆರಾ ಹಿಡಿದ ಯಾರಿಗೇ ಆದರೂ ಮೊದಲು ಕಲಿಸುವ ಪಾಠ ಒಂದೇ: ಚಳಿಯಲ್ಲಿದ್ದ ಕ್ಯಾಮೆರಾವನ್ನು ಬರಿದೇ ಒಳಗೆ ತರಬೇಡ. ತರಲೇಬೇಕಾದರೆ ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ತಾ. ಇಲ್ಲದಿದ್ದರೆ ಒಳಗಿನ ಸೆಖೆಗೆ ಗಾಜೆಲ್ಲ ಬೆವರುತ್ತದೆ; ಮತ್ತೆ ಹೊರಗೆ ಒಯ್ದರೆ ಆ ಬೆವರು ಅಲ್ಲೇ ಹೆಪ್ಪುಗಟ್ಟುತ್ತದೆ. ಒರೆಸಿದರೆ ಹೋಗುವುದಲ್ಲ. ಇಲ್ವಾ ಆರು ವರ್ಷದ ಮಗುವಾಗಿದ್ದಾಗ ಅಪ್ಪನ ಜೊತೆ ಬಂದು, ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದು ನಿಲ್ಲುತ್ತಿದ್ದಳು. ತಿಲ್ಡಾಗೆ ಇದು ಗೊತ್ತಿರಲಿಲ್ಲ. ಹ್ಯಾಂಡ್‌ಬಾಲ್ ಆಡುವುದು ಬೆಚ್ಚನೆಯ ಹಾಲಿನಲ್ಲಿ. ಇಲ್ಲಿಗೆ ಬಂದ ಮೇಲೂ ಬಿಡುವಿನಲ್ಲಿ ಅವಳು ಒಂದು ದಿನವೂ ಒಳಗೆ ಬಂದಿರಲಿಲ್ಲ, ಹೊಸ ಐಸಿಗಾಗಿ ಹೊರಗೇ ಕಾಯುತ್ತಿದ್ದಳು.

ಬಿಡುವಿನ ಶಿಳ್ಳೆಯಾಯಿತು. ಟೋರ್ನಿ ತನ್ನ ಕ್ಯಾಮೆರಾವನ್ನು ಹೊರಗಿನ ಶೆಡ್ಡಿನ ಮೊಳೆಗೆ ನೇತುಹಾಕಿ ಅವಳ ಹತ್ತಿರ ನಡೆದ.

"ತಿಲ್ಡಾ, ಬಾ ಒಳಗೆ. ಒಂದು ಲೋಟ ಕಾಫಿ ಕುಡಿ. ಬೆರಳು ನೋಡು, ಮೇಣದ ಥರ ಆಗಿದೆ."

ಅವಳು ಕಣ್ಣರಳಿಸಿದಳು. "ನಿಜವಾಗ್ಲೂ? ನವೆಂಬರಿಂದ ಇವತ್ತೇ ಮೊದಲು ನೀನು ಕರೆದಿದ್ದು."

"ಎವರ್ಟ್ ಗಾಡಿ ಓಡ್ಸೋಕೆ ಇನ್ನೂ ಕಾಲು ಗಂಟೆ ಬೇಕು. ಕ್ಯಾಮೆರಾನೂ ತಗೊಂಡು ಬಾ. ಈ ಚಳೀಲಿ ಹೊರಗೆ ಬಿಟ್ರೆ ಬ್ಯಾಟರಿ ಸತ್ತೋಗತ್ತೆ."

ಬ್ಯಾಟರಿಯ ಮಾತು ಸುಳ್ಳಲ್ಲ. ಸುಳ್ಳಲ್ಲದ ಮಾತನ್ನೇ ಆರಿಸಿ ಹೇಳಿದ್ದ, ಅದೇ ಅದರ ಕೆಟ್ಟತನ. ಬ್ಯಾಟರಿಯೊಂದನ್ನೇ ತೆಗೆದು ಜೇಬಿಗೆ ಹಾಕಿಕೊಂಡರೆ ಸಾಕು ಅಂತ ಬೇರೆ ಯಾರಿಗಾದರೂ ಆಗಿದ್ದರೆ ಹೇಳುತ್ತಿದ್ದ.

ಕಾಫಿ ಕೋಣೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು, ಐವತ್ತು ಜನರ ಉಸಿರು, ಒದ್ದೆ ಕೋಟುಗಳ ವಾಸನೆ. ಟೋರ್ನಿ ಒಲೆಯ ಪಕ್ಕದ ತನ್ನ ಕುರ್ಚಿಯಲ್ಲೇ ಅವಳನ್ನು ಕೂರಿಸಿದ. ಕೆನೆ ತುಂಬಿದ ಬನ್ನು ತಂದುಕೊಟ್ಟ. ಅವಳು ಕ್ಯಾಮೆರಾವನ್ನು ಮಡಿಲಲ್ಲಿ ಮಗುವಿನಂತೆ ಇಟ್ಟುಕೊಂಡು ಬನ್ನು ಕಚ್ಚಿದಳು, ಮೂಗಿಗೆ ಕೆನೆ ಮೆತ್ತಿತು.

"ಗೊತ್ತಾ ಟೋರ್ನಿ, ನಿಂಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ನನ್ನವನ ಹತ್ರ ಹೇಳ್ತಾನೇ ಇದ್ದೆ."

"ಛೆ ಛೆ."

"ಆ ಗೋಡೆ ಮೇಲಿನ ಫೋಟೋ ಎಲ್ಲ ನೋಡಿದೀನಿ. ಈ ದರಿದ್ರ ದೀಪದಲ್ಲಿ ಅವು ಹೇಗೆ ಬಂದ್ವು ಅಂತ ಒಂದೊಂದರ ಮುಂದೇನೂ ನಿಂತು ಯೋಚ್ನೆ ಮಾಡಿದೀನಿ."

ಟೋರ್ನಿ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದ. ಆಗಲಾದರೂ ಹೇಳಬಹುದಿತ್ತು. ಅವನ ಕಣ್ಣು ಅವಳ ಮಡಿಲಿಗೆ ಹೋಯಿತು. ಲೆನ್ಸಿನ ಗಾಜು ಆಗಲೇ ಬೆಳ್ಳಗಾಗಿತ್ತು. ಕೆಲಸ ಆಗಿಹೋಗಿದೆ, ಇನ್ನು ಹೇಳಿ ಏನು ಬಂತು ಅಂದುಕೊಂಡ. ಅಂಥ ಹೊತ್ತಿನಲ್ಲಿ ಎಲ್ಲರೂ ಹಾಗೆಯೇ ಅಂದುಕೊಳ್ಳುವುದು.

"ನೀನು ಕುಡಿದು ಬಾ. ನಂಗೆ ಸ್ವಲ್ಪ ಕೆಲಸ ಇದೆ" ಅಂತ ಎದ್ದುಬಿಟ್ಟ.

ಹೊರಗೆ ಎವರ್ಟ್ ಕೊನೆಯ ಸುತ್ತು ಮುಗಿಸುತ್ತಿದ್ದ. ನಿಜ, ಐಸು ಕನ್ನಡಿಯೇ. ಎಂಟು ಕಂಬದ ದೀಪಗಳೂ ಅದರೊಳಗೆ ತಲೆಕೆಳಗಾಗಿ ಉರಿಯುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಟೋರ್ನಿ ಇದನ್ನು ನೋಡಿಯೇ ಇರಲಿಲ್ಲ. ಶೆಡ್ಡಿನಿಂದ ಕ್ಯಾಮೆರಾ ತಂದು, ತಿಲ್ಡಾ ಮಲಗುತ್ತಿದ್ದ ಜಾಗದಲ್ಲಿ, ಅವಳ ಮೈಯ ಗುರುತು ಇನ್ನೂ ಇದ್ದ ಹಿಮದ ಮೇಲೆ ಹೊಟ್ಟೆ ಒತ್ತಿ ಮಲಗಿದ. ಅರವತ್ತೊಂದರ ಮೈ, ಮಂಡಿ ಲಟಕ್ಕೆಂದಿತು. ಎವರ್ಟ್ ಗಾಡಿಯ ಮೇಲಿನಿಂದ ನೋಡಿ, "ಮೂಲೆ ಬಿಟ್ಟು ಬಂದ್ಯಾ ಕಡೆಗೂ?" ಅಂತ ಕೂಗಿದ. ಟೋರ್ನಿ ಕೇಳಿಸದವನ ಹಾಗೆ ಲೆನ್ಸು ತಿರುಗಿಸಿದ.

ಆಟಗಾರ್ತಿಯರು ಒಬ್ಬೊಬ್ಬರೇ ಹೊರಗೆ ಬಂದರು. ಗೋಲಿ ಕೊನೆಗೆ ಬರುವುದು ವಾಡಿಕೆ. ಬಟ್ಟೆ ಬದಲಿಸುವ ಕೋಣೆಯಿಂದ ಐಸಿಗೆ ಬರುವ ದಾರಿ ಕಾಫಿ ಕೋಣೆಯ ಬಾಗಿಲನ್ನು ಹಾದೇ ಬರುತ್ತದೆ. ಆ ಬಾಗಿಲ ಬಳಿ ತಿಲ್ಡಾ ನಿಂತು ಕೋಟಿನ ಒಳಗಿನ ಬಟ್ಟೆಯಿಂದ ಗಾಜು ಉಜ್ಜುತ್ತಿದ್ದಳು. ಇಲ್ವಾ ನಿಂತಳು. ಹೆಲ್ಮೆಟ್ಟು ಮೇಲಕ್ಕೆತ್ತಿ ಅವಳ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ದೀಪದ ಕಡೆ ಹಿಡಿದು ನೋಡಿದಳು. ಏನೋ ಕೇಳಿದಳು. ತಿಲ್ಡಾ ಒಳಗಿನ ಒಲೆಯ ಕಡೆ ಕೈ ತೋರಿಸಿ, ಆಮೇಲೆ ಮೈದಾನದ ಕಡೆ ತೋರಿಸಿ, ನಗುತ್ತ ಹಣೆ ಬಡಿದುಕೊಂಡಳು. ಇಲ್ವಾ ನಗಲಿಲ್ಲ. ಕ್ಯಾಮೆರಾ ವಾಪಸ್ಸು ಕೊಟ್ಟು ಅವಳ ಬೆನ್ನು ತಟ್ಟಿದಳು.

ನೂರು ಅಡಿ ದೂರದಿಂದ ಲೆನ್ಸಿನೊಳಗೆ ಟೋರ್ನಿ ಇಷ್ಟನ್ನೂ ಕಂಡ. ಏನಿಲ್ಲ, ಗೊತ್ತಾಗಿರಲಿಕ್ಕಿಲ್ಲ ಅಂತ ಸಮಾಧಾನ ಹೇಳಿಕೊಂಡ.

ಶಿಳ್ಳೆಯಾಯಿತು. ಎರಡನೇ ನಿಮಿಷಕ್ಕೇ ಎದುರಾಳಿಗಳಿಗೆ ಮೂಲೆಯ ಹೊಡೆತ ಸಿಕ್ಕಿತು. ಇಲ್ವಾ ಮತ್ತು ಅವಳ ಜೊತೆಯವರು ಗೋಲಿನ ಗೆರೆಯ ಮೇಲೆ ಸಾಲಾಗಿ ನಿಂತರು. ಇದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ: ಎಲ್ಲರೂ ಅಲುಗದೆ ನಿಲ್ಲುತ್ತಾರೆ, ಚೆಂಡು ಹೊರಟ ಕೂಡಲೇ ನುಗ್ಗುತ್ತಾರೆ. ಟೋರ್ನಿ ಲೆನ್ಸಿನಲ್ಲಿ ಮಗಳನ್ನು ಹಿಡಿದ. ಬೆಳಕು ಐಸಿನಿಂದ ಎದ್ದು ಕಂಬಿಗಳೊಳಗೆ ತುಂಬಿತ್ತು. ಹನ್ನೆರಡು ವರ್ಷ ಅವನು ಹುಡುಕಿದ ಮುಖ ಅಲ್ಲಿತ್ತು, ಹುಬ್ಬು, ಮೂಗು, ಮೂಗಿನ ಮೇಲಿನ ಹಳೆಯ ಗಾಯದ ಗೆರೆ ಕೂಡ. ಅವನ ಕಣ್ಣು ತುಂಬಿಬಂತು. ಆ ಗಳಿಗೆಯಲ್ಲಿ ಅವನು ಬರೀ ಅಪ್ಪನಾಗಿದ್ದ ಅಂತ ಹೇಳಿದರೆ ಸುಳ್ಳಲ್ಲ.

ಆಗ ಇಲ್ವಾ ಚೆಂಡಿನ ಕಡೆಯಿಂದ ತಲೆ ತಿರುಗಿಸಿದಳು. ತಿಲ್ಡಾಳ ಜಾಗದಲ್ಲಿ ಮಲಗಿದ್ದ ಅಪ್ಪನನ್ನು ನೇರವಾಗಿ ನೋಡಿದಳು. ಅವನ ಬೆರಳು ಅಭ್ಯಾಸದ ಬೆರಳು. ಒತ್ತಿತು.

ಮರುಕ್ಷಣ ಚೆಂಡು ಬಂತು, ಅವಳು ಎಡಕ್ಕೆ ಬಿದ್ದು ತಡೆದಳು, ಜನ ಕೂಗಿದರು. ಟೋರ್ನಿ ಅದನ್ನು ತೆಗೆಯಲಿಲ್ಲ.

ಹಾಲ್ವಿಕ್ ನಾಲ್ಕು ಎರಡರಿಂದ ಗೆದ್ದಿತು. ಆಟ ಮುಗಿದ ಮೇಲೆ ತಿಲ್ಡಾ ಓಡಿಬಂದಳು.

"ನಾನೆಂಥ ಪೆದ್ದಿ ನೋಡು! ಬೆಚ್ಚಗಿದೆ ಅಂತ ಕ್ಯಾಮೆರಾ ಮಡಿಲಲ್ಲೇ ಇಟ್ಕೊಂಡಿದ್ದೆ. ಮೊದಲ ಚಳಿಗಾಲದಲ್ಲಿ ಎಲ್ರಿಗೂ ಹೀಗಾಗತ್ತಂತೆ, ಇಲ್ವಾ ಹೇಳಿದ್ಲು. ಚೀಲದ ವಿಷ್ಯ ನಮ್ಮಪ್ಪ ಮರ್ತಿರ್ಬೇಕು, ವಯಸ್ಸಾಯ್ತು ಅಂದ್ಲು." ಅವನ ತೋಳು ಹಿಡಿದಳು. "ನಿಂಗಾದ್ರೂ ಸಿಕ್ತಾ? ಸಿಕ್ತು ಅನ್ನು. ಇಬ್ಬರಲ್ಲಿ ಒಬ್ಬರಿಗಾದ್ರೂ ಸಿಗ್ಬೇಕಿತ್ತು ಅವಳ ಕೊನೇ ಆಟ."

"ಸಿಕ್ತು" ಅಂದ ಟೋರ್ನಿ. ಮಗಳು ತನಗಾಗಿ ಸುಳ್ಳು ಹೇಳಿದ್ದಾಳೆ. ಅವಳಿಗೆ ಎಲ್ಲ ಗೊತ್ತಾಗಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಕಾರಿನ ಹತ್ತಿರ ಇಲ್ವಾ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಒದ್ದೆ ಕೂದಲು ಟೋಪಿಯ ಹೊರಗೆ ಐಸಾಗಿತ್ತು.

"ತೋರ್ಸು."

"ಮನೆಗೆ ಹೋಗಿ ನೋಡೋಣ ಬಿಡು."

"ಅಪ್ಪ, ತೋರ್ಸು."

ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯಲ್ಲಿ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು. ಅವನು ಅವಳ ಬೂಟು ನೋಡುತ್ತ ನಿಂತ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

"ಇದನ್ನೇ ಗೋಡೆಗೆ ಕೊಡು."

"ಇದು ಬೇಡ ಕಣೇ. ಹಳೇದ್ರಲ್ಲಿ ಒಳ್ಳೊಳ್ಳೇದಿದೆ. ಅಥವಾ... ಫ್ರಿಜ್ಜಿನ ಮೇಲಿರೋದು. ಅದನ್ನೇ ಕೊಡು ಬೇಕಾದ್ರೆ."

"ಅದ್ರಲ್ಲಿ ನಾನು ಚೆಂಡು ನೋಡ್ತಿದೀನಿ. ಇದ್ರಲ್ಲಿ ನಿನ್ನ ನೋಡ್ತಿದೀನಿ. ಹನ್ನೆರಡು ವರ್ಷ ನಿಂಗೆ ಬೇಕಾಗಿದ್ದು ನನ್ನ ಮುಖ ತಾನೇ? ತಗೋ." ಕಾರಿನ ಹಿಂದಿನ ಬಾಗಿಲು ತೆಗೆದು ಚೀಲ ಎಸೆದಳು. "ಅದು ನನ್ನ ಮನೇಲಿರ್ಲಿ. ತಿಲ್ಡಾನ ಕೇಳಿ ದೊಡ್ಡದು ಮಾಡ್ಸಿದೀನಿ."

ಅಳಿಸಿಬಿಡಬಹುದಿತ್ತು. ಒಂದು ಗುಂಡಿ ಒತ್ತಿದರೆ ಮುಗಿಯಿತು, ಕಾರ್ಡು ಕೆಟ್ಟಿತು ಅಂದರೆ ಯಾರು ಕೇಳುತ್ತಿದ್ದರು? ಮೂರು ರಾತ್ರಿ ಟೋರ್ನಿ ಆ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತ. ಆದರೆ ಅಂಥ ಫೋಟೋವನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ. ಒಂದು ಕಾಳಿಲ್ಲ, ಎಲ್ಲೂ ಅಲುಗಿಲ್ಲ, ಬೆಳಕು ಕೈಯಲ್ಲಿ ಬಳಿದ ಹಾಗಿತ್ತು. ತಿಲ್ಡಾಳದಕ್ಕಿಂತ ಇದು ಮೇಲು ಅಂತ ಅವನಿಗೆ ಗೊತ್ತಿತ್ತು, ಆ ಗೊತ್ತಿರುವಿಕೆ ಬೆರಳನ್ನು ಹಿಡಿದು ನಿಲ್ಲಿಸಿತು. ನಾಲ್ಕನೇ ದಿನ ಕ್ಲಬ್ಬಿಗೆ ಕಳಿಸಿಕೊಟ್ಟ.

ಮಾರ್ಚಿನಲ್ಲಿ ಕ್ಲಬ್ಬಿನ ಊಟ. ಕಡವೆ ಮಾಂಸದ ಸಾರು, ಬೇಯಿಸಿದ ಆಲೂಗೆಡ್ಡೆ, ಎವರ್ಟನ ಬಾಯಿ ತುಂಬ ಹಳೆಯ ಕಥೆ. ಊಟಕ್ಕೆ ಮುಂಚೆ ಇಲ್ವಾ ಗೋಡೆಯ ಹತ್ತಿರ ಹೋಗಿ ಫೋಟೋಗೆ ಹೊದಿಸಿದ್ದ ಬಟ್ಟೆ ಎಳೆದಳು. ಚಪ್ಪಾಳೆ ನಿಲ್ಲಲೇ ಇಲ್ಲ.

"ಏನ್ ಕಣ್ಣಪ್ಪಾ ಅವು! ಚೆಂಡು ತಾನೇ ಹೆದ್ರಿ ವಾಪಸ್ ಹೋಗ್ಬೇಕು" ಅಂದ ಎವರ್ಟ್. "ಮಾತು ವಾಪಸ್ ತಗೊಂಡೆ ಟೋರ್ನಿ, ನೀನೇ ಗುರು."

ತಿಲ್ಡಾ ಹತ್ತಿರ ಬಂದು ಅವನನ್ನು ಅಪ್ಪಿಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು. "ಇದು ನಂಗೆ ಸಿಗ್ತಾ ಇರ್ಲಿಲ್ಲ ಕಣೋ, ಕ್ಯಾಮೆರಾ ಸರಿಯಿದ್ರೂ ಸಿಗ್ತಾ ಇರ್ಲಿಲ್ಲ. ನನ್ನನ್ನ ಅವಳು ಹೀಗೆ ಯಾಕೆ ನೋಡ್ತಾಳೆ?"

ಟೋರ್ನಿ ನಗುವ ಹಾಗೆ ತುಟಿ ಅಗಲಿಸಿದ. ಆಗಲೂ ಅವನಿಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಆದದ್ದು. ಈ ಹೆಂಗಸು ತೆಗೆದ ನಗುಮುಖ ಮಗಳ ಮನೆಯ ಗೋಡೆಯ ಮೇಲಿದೆ, ಇಲ್ಲಿ ಬಂದು ಇವಳು ಮನಸಾರೆ ಮೆಚ್ಚಲೂ ಬಲ್ಲಳು. ಅವನ ಪಾಲಿಗೆ ಹಿತ್ತಾಳೆ ಪಟ್ಟಿ.

ಜನ ಊಟದ ಮೇಜಿಗೆ ಸರಿದರು. ಗುನ್‌ಬ್ರಿಟ್ ಮಾತ್ರ ಫೋಟೋದ ಮುಂದಿನಿಂದ ಕದಲಲಿಲ್ಲ. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದಳು, ತೆಗೆದು ದೂರ ನಿಂತು ನೋಡಿದಳು. ಟೋರ್ನಿ ಪಕ್ಕಕ್ಕೆ ಹೋಗಿ ನಿಂತ.

"ಯಾರನ್ನ ನೋಡ್ತಿದಾಳೆ ಇವಳು?"

"ನನ್ನನ್ನೇ. ನಾನಲ್ಲಿ ಪಕ್ಕದಲ್ಲಿ ಮಲಗಿದ್ದೆ."

ಗುನ್‌ಬ್ರಿಟ್ ಕನ್ನಡಕ ಮಡಚಿದಳು. ಅವನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಕೇಳಿದಳು.

"ಏನ್ ಮಾಡಿದೆ ನೀನು?"